ಗುಲಾಬಿ ಉಪ್ಪಿಗೆ ಮೂರು ಪಟ್ಟು ದುಡ್ಡು, ಬಿಪಿಗೆ ಲಾಭ ಎಷ್ಟು?

ಹುಬ್ಬಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಈಗ ಉಪ್ಪಿನ ಸಾಲು ಉದ್ದವಾಗಿದೆ. ಮೊದಲು ಪುಡಿ ಉಪ್ಪು, ಹರಳುಪ್ಪು ಎರಡೇ ಇದ್ದವು. ಈಗ ಗುಲಾಬಿ ಬಣ್ಣದ ಹಿಮಾಲಯದ ಉಪ್ಪು, ಸೈಂಧವ ಲವಣ, ಕಪ್ಪುಪ್ಪು, ಸಮುದ್ರದ ಉಪ್ಪು, ಸೋಡಿಯಂ ಕಡಿಮೆ ಇರುವ ಉಪ್ಪು ಎಲ್ಲವೂ ಬಂದಿವೆ. ಸಾದಾ ಅಯೋಡಿನ್ ಉಪ್ಪು ಕಿಲೋಗೆ 30 ರೂಪಾಯಿ ಆಸುಪಾಸು. ಗುಲಾಬಿ ಉಪ್ಪು 100 ರೂಪಾಯಿ ಮುಟ್ಟುತ್ತದೆ, ಕೆಲವು ದಾಟುತ್ತವೆ. "ಬಿಪಿ ಐತ್ರೀ, ಅದಕ್ಕ ಬಿಳಿ ಉಪ್ಪು ಬಿಟ್ಟೇವಿ" ಎನ್ನುವ ಮಾತು ಧಾರವಾಡದ ಮದುವೆ ಪಂಕ್ತಿಯಲ್ಲೂ ಕೇಳುತ್ತದೆ, ಗದಗಿನ ಬಸ್ ಸ್ಟ್ಯಾಂಡಿನಲ್ಲೂ ಕೇಳುತ್ತದೆ. ಅದರ ಬೆನ್ನಿಗೇ ಸಕ್ಕರೆ ಬಿಟ್ಟು ಬೆಲ್ಲ, ರಿಫೈಂಡ್ ಬಿಟ್ಟು ಗಾಣದ ಎಣ್ಣೆ, ಪ್ಯಾಕೆಟ್ ಹಾಲು ಬಿಟ್ಟು ಎಮ್ಮೆ ಹಾಲು ಎಂಬ ಮಾತುಗಳು ಬರುತ್ತವೆ.

ಈ ಎಲ್ಲದರ ಹಿಂದೆ ಇರುವುದು ಒಂದೇ ನಂಬಿಕೆ. ಮಣ್ಣಿಂದ, ಮರದಿಂದ, ಸಮುದ್ರದಿಂದ ನೇರ ಬಂದದ್ದು ಒಳ್ಳೆಯದು. ಕಾರ್ಖಾನೆ ಮುಟ್ಟಿದ್ದು ಕೆಟ್ಟದ್ದು. ಈ ನಂಬಿಕೆಯಲ್ಲಿ ಸತ್ಯ ಇದೆ, ಆದರೆ ಅರ್ಧ ಮಾತ್ರ. ಯಾವ ಅರ್ಧ ಸತ್ಯ ಎಂದು ಬಿಡಿಸಿ ನೋಡದಿದ್ದರೆ ದುಡ್ಡೂ ಹೋಗುತ್ತದೆ, ಕೆಲವೊಮ್ಮೆ ಆರೋಗ್ಯವೂ ಹೋಗುತ್ತದೆ. ಉಪ್ಪಿನ ವಿಷಯದಲ್ಲಂತೂ ನಮ್ಮ ಭಾಗದ ಜನ ತಪ್ಪು ಜಾಗದಲ್ಲಿ ಹುಷಾರಾಗಿದ್ದಾರೆ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಬಣ್ಣ ನೋಡುತ್ತಿದ್ದೇವೆ, ಪ್ರಮಾಣ ನೋಡುತ್ತಿಲ್ಲ.

ಗುಲಾಬಿ ಉಪ್ಪಿನಿಂದಲೇ ಶುರು ಮಾಡೋಣ. ಅದು ಬರುವುದು ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ಖೇವ್ರಾ ಗಣಿ ಮತ್ತು ಅದರ ಸುತ್ತಲಿನ ಗುಡ್ಡಗಳಿಂದ. ಕೋಟ್ಯಂತರ ವರ್ಷಗಳ ಹಿಂದೆ ಬತ್ತಿಹೋದ ಸಮುದ್ರದ ಉಪ್ಪು ಅದು. ಗುಲಾಬಿ ಬಣ್ಣ ಬರುವುದು ಅದರಲ್ಲಿ ಬೆರೆತಿರುವ ಕಬ್ಬಿಣದ ಆಕ್ಸೈಡ್‌ನಿಂದ, ಅಂದರೆ ತುಕ್ಕಿನಿಂದ. 2025ರ ಮೇ ತಿಂಗಳಲ್ಲಿ ಭಾರತ ಸರ್ಕಾರ ಪಾಕಿಸ್ತಾನದ ಎಲ್ಲ ಆಮದನ್ನೂ ನಿಲ್ಲಿಸಿತು. ಆಗ ಈ ಉಪ್ಪಿನ ದರ ಏರುತ್ತದೆ ಎಂಬ ಸುದ್ದಿ ಎಲ್ಲ ಕಡೆ ಹರಿದಾಡಿತು.

ಈ ಉಪ್ಪಿನಲ್ಲಿ ನೂರಕ್ಕೆ ಸುಮಾರು 97-98 ಭಾಗ ಸೋಡಿಯಂ ಕ್ಲೋರೈಡ್. ಬಿಳಿ ಪುಡಿ ಉಪ್ಪಿನಲ್ಲಿ 98-99. ಬಿಪಿ ಏರಿಸುವುದು ಸೋಡಿಯಂ. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 0.39 ಗ್ರಾಂ ಸೋಡಿಯಂ ಇರುತ್ತದೆ. 5 ಗ್ರಾಂ ಬಿಳಿ ಉಪ್ಪು ತಿಂದರೆ ದೇಹಕ್ಕೆ ಹೋಗುವ ಸೋಡಿಯಂ ಎರಡು ಗ್ರಾಂಗೆ ಹತ್ತಿರ. 5 ಗ್ರಾಂ ಗುಲಾಬಿ ಉಪ್ಪು ತಿಂದರೂ ಹೆಚ್ಚು ಕಡಿಮೆ ಅಷ್ಟೇ. ರಕ್ತನಾಳಕ್ಕೆ ಉಪ್ಪಿನ ಬಣ್ಣ ಗೊತ್ತಾಗುವುದಿಲ್ಲ. ಸೋಡಿಯಂ ಜಾಸ್ತಿಯಾದರೆ ದೇಹ ನೀರು ಹಿಡಿದಿಡುತ್ತದೆ, ರಕ್ತದ ಪ್ರಮಾಣ ಏರುತ್ತದೆ, ನಾಳದ ಗೋಡೆಯ ಮೇಲೆ ಒತ್ತಡ ಬೀಳುತ್ತದೆ. ಕಪ್ಪುಪ್ಪಿನ ಕಥೆಯೂ ಇದೇ. ಅದರ ವಾಸನೆ ಬೇರೆ, ಸೋಡಿಯಂ ಮಾತ್ರ ಅದೇ.

"ಅದರಲ್ಲಿ 84 ಖನಿಜ ಇವೆ" ಎಂದು ಪ್ಯಾಕೆಟ್ ಮೇಲೆ ಬರೆದಿರುತ್ತಾರೆ ಅಲ್ವಾ? ಖನಿಜಗಳು ಇರುವುದು ನಿಜ. ಎಷ್ಟು ಇವೆ ಎಂಬುದು ಪ್ರಶ್ನೆ. ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಸಿಗುವ 31 ಗುಲಾಬಿ ಉಪ್ಪುಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಈ ಉಪ್ಪಿನಿಂದ ಲೆಕ್ಕಕ್ಕೆ ಬರುವಷ್ಟು ಖನಿಜ ಸಿಗಬೇಕಾದರೆ ದಿನಕ್ಕೆ 30 ಗ್ರಾಂಗಿಂತ ಜಾಸ್ತಿ ತಿನ್ನಬೇಕು ಎಂದು ಅವರು ಕಂಡುಕೊಂಡರು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಅದರ ಆರು ಪಟ್ಟು ಉಪ್ಪು ತಿಂದು ಖನಿಜ ಗಳಿಸುವುದು ಯಾವ ಲಾಭ? ಆ 31ರಲ್ಲಿ ಒಂದು ಉಪ್ಪಿನಲ್ಲಿ ಸೀಸ ಕೂಡ ಮಿತಿಗಿಂತ ಹೆಚ್ಚಿತ್ತು. ಅದೂ ನೆಲದೊಳಗಿಂದಲೇ ಬಂದದ್ದು. ಕಬ್ಬಿಣ, ಮೆಗ್ನೀಶಿಯಂ, ಪೊಟ್ಯಾಶಿಯಂ ಬೇಕಾದವರಿಗೆ ಒಂದು ಜೋಳದ ರೊಟ್ಟಿ, ಒಂದು ಹಿಡಿ ಹಕ್ಕರಿಕೆ ಸೊಪ್ಪು, ಒಂದು ಬಟ್ಟಲು ಮಡಕಿ ಕಾಳು ಈ ಉಪ್ಪಿಗಿಂತ ಎಷ್ಟೋ ಜಾಸ್ತಿ ಕೊಡುತ್ತವೆ.

ಹರಳುಪ್ಪಿನ ಬಗ್ಗೆ ಒಂದು ಸಣ್ಣ ಮಾತು. ಹರಳುಪ್ಪು ಹಾಕಿದರೆ ಉಪ್ಪು ಕಡಿಮೆ ಆಗುತ್ತದೆ ಎಂದು ಕೆಲವರು ಹೇಳುವುದಕ್ಕೆ ಕಾರಣ ಇದೆ. ಹರಳುಗಳ ನಡುವೆ ಸಂದು ಇರುವುದರಿಂದ ಒಂದು ಚಮಚದಲ್ಲಿ ಪುಡಿ ಉಪ್ಪಿನಷ್ಟು ತೂಕ ಹಿಡಿಸುವುದಿಲ್ಲ. ಚಮಚದ ಅಳತೆಯಲ್ಲೇ ನಿಂತರೆ ಸೋಡಿಯಂ ಕಡಿಮೆ ಆದೀತು. ಆದರೆ ನಾವು ಹಾಗೆ ನಿಲ್ಲುವುದಿಲ್ಲ. ಬೆರಳಿಗೆ ಸಾರು ಹಚ್ಚಿ ನೆಕ್ಕಿ ನೋಡಿ, ಸಪ್ಪೆ ಅನಿಸಿದರೆ ಇನ್ನೊಂದು ಚಿಟಿಕೆ ಹಾಕುತ್ತೇವೆ.

ಈಗ ನನಗೆ ಹೆಚ್ಚು ಚಿಂತೆ ಇರುವ ವಿಷಯಕ್ಕೆ ಬರುತ್ತೇನೆ. ಅದು ಅಯೋಡಿನ್.

ಗಂಟಲಿನ ಮುಂದೆ ಇರುವ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕೇ ಬೇಕು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ. ಬಸುರಿಯರಿಗೆ 250. ಕಡಿಮೆಯಾದರೆ ಗಳಗಂಡ ಬರುತ್ತದೆ. ಅದು ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಅದಕ್ಕಿಂತ ದೊಡ್ಡದು. ಬಸುರಿಯಲ್ಲಿ ಅಯೋಡಿನ್ ತೀರಾ ಕಡಿಮೆಯಾದರೆ ಹೊಟ್ಟೆಯೊಳಗಿನ ಮಗುವಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲ. ಹುಟ್ಟಿದ ಮೇಲೆ ಎಷ್ಟು ತುಪ್ಪ, ಬಾದಾಮಿ ತಿನ್ನಿಸಿದರೂ ಆ ನಷ್ಟ ತುಂಬುವುದಿಲ್ಲ.

ಹಿಮಾಚಲ ಪ್ರದೇಶದ ಕಾಂಗ್ಡಾ ಕಣಿವೆಯಲ್ಲಿ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಗಾರರು ಅಲ್ಲಿ ಅಧ್ಯಯನ ಶುರು ಮಾಡಿದರು. ಕೆಲವು ಭಾಗಗಳಿಗೆ ಅಯೋಡಿನ್ ಸೇರಿಸಿದ ಉಪ್ಪು ಕೊಟ್ಟರು, ಒಂದು ಭಾಗಕ್ಕೆ ಸಾದಾ ಉಪ್ಪು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಊರುಗಳ ಮಕ್ಕಳಲ್ಲಿ ಗಳಗಂಡ ಎದ್ದು ಕಾಣುವಂತೆ ಇಳಿಯಿತು. ಅದರ ಮೇಲೆಯೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಇದು ಬರೀ ಹಿಮಾಲಯದ ಕಾಯಿಲೆ ಎಂದು ತಿಳಿಯಬೇಡಿ. ನಮ್ಮದೇ ರಾಜ್ಯದ ಚಿಕ್ಕಮಗಳೂರು, ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದಲ್ಲಿ ಗಳಗಂಡ ದಾಖಲಾಗಿದೆ. ಉತ್ತರ ಕನ್ನಡ ಅಂದರೆ ಧಾರವಾಡ, ಹಾವೇರಿಯ ಪಕ್ಕದ ಜಿಲ್ಲೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಉತ್ತರ ಕನ್ನಡಕ್ಕೆ ಸಮುದ್ರ ಇದೆ, ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ಇದೆ, ಹಾಗಿದ್ದೂ ಗಳಗಂಡ ಹೇಗೆ? ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ತಾನಾಗಿಯೇ ಇರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ, ಸುಮಾರು 60 ಮೈಕ್ರೋಗ್ರಾಂ ಅಯೋಡಿನ್ ಇರುತ್ತದೆ. ಒಂದು ಚೂರೂ ಹಾರಿಹೋಗದೆ ಎಲ್ಲ ಅಯೋಡಿನ್ ಉಪ್ಪಿನಲ್ಲೇ ಉಳಿಯಿತು ಎಂದುಕೊಂಡರೂ ಒಂದು ಗ್ರಾಂಗೆ ಎರಡು ಮೈಕ್ರೋಗ್ರಾಂ ಕೂಡ ಬರುವುದಿಲ್ಲ. ನಮ್ಮ ಆಹಾರ ಸುರಕ್ಷತಾ ನಿಯಮ ಕೇಳುವುದು ಗಿರಾಕಿಯ ಕೈಗೆ ಬರುವಾಗ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ. ನೈಸರ್ಗಿಕ ಉಪ್ಪು, ಸಮುದ್ರದ್ದಾಗಲಿ ಗಣಿಯದ್ದಾಗಲಿ, ಆ ಮಟ್ಟದ ಹತ್ತಿರಕ್ಕೂ ಬರುವುದಿಲ್ಲ. ಕಾರ್ಖಾನೆಯಲ್ಲಿ ಪೊಟ್ಯಾಶಿಯಂ ಅಯೋಡೇಟ್ ಸೇರಿಸಿದರೆ ಮಾತ್ರ ಬರುತ್ತದೆ. ಇಲ್ಲಿ ಸಂಸ್ಕರಣೆಯೇ ನಮ್ಮನ್ನು ಕಾಪಾಡುತ್ತಿದೆ.

ಈ ನಿಯಮ ಸುಲಭವಾಗಿ ಬಂದದ್ದಲ್ಲ. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದು ಎಂಬ ನಿಷೇಧ ದೇಶಕ್ಕೆಲ್ಲ ಬಂದ ಮೇಲೆ 2000ದಲ್ಲಿ ಅದನ್ನು ತೆಗೆದರು. ವೈದ್ಯರು, ಪೋಷಣಾ ತಜ್ಞರು ವಿರೋಧ ಮಾಡಿದರು. 2006ರ ಮೇ ತಿಂಗಳಿಂದ ನಿಷೇಧ ಮತ್ತೆ ಜಾರಿಗೆ ಬಂತು.

ಕೆಲವು ಕಡೆ ಆಶಾ ಕಾರ್ಯಕರ್ತೆಯರ ಹತ್ತಿರ ಉಪ್ಪು ಪರೀಕ್ಷೆಯ ಕಿಟ್ ಇರುತ್ತದೆ. ಅವರು ಬಂದಾಗ ಕೇಳಿ ನೋಡಿ. ಅಂಗೈ ಅಗಲದ ತಟ್ಟೆಯಲ್ಲಿ ಅರ್ಧ ಚಮಚ ಉಪ್ಪು ಹರಡಿ, ಪುಟ್ಟ ಬಾಟಲಿಯಿಂದ ಒಂದು ಹನಿ ಬಿಡುತ್ತಾರೆ. ಅಯೋಡಿನ್ ಇದ್ದರೆ ಆ ಹನಿ ಬಿದ್ದ ಜಾಗ ನೇರಳೆಯಾಗುತ್ತದೆ. ಎಷ್ಟು ಗಾಢವೋ ಅಷ್ಟು ಅಯೋಡಿನ್. ಅಯೋಡಿನ್ ಸೇರಿಸದ ಉಪ್ಪಿನ ಮೇಲೆ ಹನಿ ಬಿದ್ದರೆ ಉಪ್ಪು ಒದ್ದೆಯಾಗುತ್ತದೆ, ಅಷ್ಟೇ. ಮನೆಯಲ್ಲಿ ಬಸುರಿ ಇದ್ದು, ಅಡುಗೆಗೆ ಬರೀ ಗುಲಾಬಿ ಉಪ್ಪು ಬಳಸುತ್ತಿದ್ದರೆ ಈ ಪರೀಕ್ಷೆ ಮಾಡಿಸಲೇಬೇಕು. ಗುಲಾಬಿ ಉಪ್ಪಿನಲ್ಲೂ ಅಯೋಡಿನ್ ಸೇರಿಸಿದ ಪ್ಯಾಕೆಟ್‌ಗಳು ಸಿಗುತ್ತವೆ. ಬಣ್ಣ ಇಷ್ಟವಾದರೆ ಅದನ್ನೇ ಕೊಳ್ಳಿ, ತಕರಾರಿಲ್ಲ. ಅಯೋಡಿನ್ ಉಪ್ಪನ್ನು ಮುಚ್ಚಳ ಇರುವ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಬಿಸಿ ಮತ್ತು ತೇವಕ್ಕೆ ಅಯೋಡಿನ್ ಹಾರಿಹೋಗುತ್ತದೆ. ಸಾರು ಕುದಿದು ಇಳಿಸುವ ಹೊತ್ತಿಗೆ ಉಪ್ಪು ಹಾಕಿದರೆ ಇನ್ನೂ ಒಳ್ಳೆಯದು.

ಬಿಳಿ ಉಪ್ಪಿನ ಮೇಲೆ ಇನ್ನೆರಡು ಆರೋಪ ಇವೆ. ಒಂದು, ಅದರಲ್ಲಿ ಸೈನೈಡ್ ಇದೆ ಎಂಬುದು. 2019ರಲ್ಲಿ ಇದು ದೊಡ್ಡ ಸುದ್ದಿಯಾಗಿ ವಾಟ್ಸಾಪ್‌ನಲ್ಲಿ ಓಡಾಡಿತು, ಈಗಲೂ ಆಗಾಗ ಬರುತ್ತದೆ. ಉಪ್ಪು ಗಡ್ಡೆ ಕಟ್ಟದಿರಲಿ ಎಂದು ಪೊಟ್ಯಾಶಿಯಂ ಫೆರೋಸೈನೈಡ್ ಹಾಕುತ್ತಾರೆ. ಹೆಸರಿನಲ್ಲಿ ಸೈನೈಡ್ ಇದೆ, ಆದರೆ ಅದು ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡಿದೆ. ಹೊಟ್ಟೆಯಲ್ಲಿ ಬಿಟ್ಟುಕೊಳ್ಳುವುದಿಲ್ಲ. ನಮ್ಮ ದೇಶದ ಮಿತಿ ಕಿಲೋಗೆ 10 ಮಿಲಿಗ್ರಾಂ. ದಿನಕ್ಕೆ 10 ಗ್ರಾಂ ಉಪ್ಪು ತಿಂದವರ ಹೊಟ್ಟೆಗೆ ಹೋಗುವುದು 0.1 ಮಿಲಿಗ್ರಾಂ. 50 ಕಿಲೋ ತೂಕದವರಿಗೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ಒಪ್ಪಿರುವ ಮಿತಿ ದಿನಕ್ಕೆ 1.25 ಮಿಲಿಗ್ರಾಂ. ಈ ವಿಷಯದಲ್ಲಿ ಹೆದರುವ ಅಗತ್ಯ ಇಲ್ಲ.

ಎರಡನೆಯದು ಮೈಕ್ರೋಪ್ಲಾಸ್ಟಿಕ್. ಇದನ್ನು ತಳ್ಳಿಹಾಕುವಂತಿಲ್ಲ. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ, ಪರೀಕ್ಷೆ ಮಾಡಿದ ಹತ್ತೂ ಬಗೆಯ ಉಪ್ಪಿನಲ್ಲಿ ಪ್ಲಾಸ್ಟಿಕ್ ಚೂರು ಸಿಕ್ಕವು. ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಅಯೋಡಿನ್ ಉಪ್ಪಿನಲ್ಲಿ, ಕಿಲೋಗೆ 89. ಕಡಿಮೆ ಸಿಕ್ಕಿದ್ದು ಗಣಿಯ ಉಪ್ಪಿನಲ್ಲಿ, ಕಿಲೋಗೆ ಸುಮಾರು 7. ಇಲ್ಲಿ ಗಣಿಯ ಉಪ್ಪಿಗೆ ನಿಜವಾದ ಅನುಕೂಲ ಇದೆ. ಇಂದಿನ ಸಮುದ್ರದಲ್ಲಿ ಪ್ಲಾಸ್ಟಿಕ್ ತುಂಬಿದೆ, ಖೇವ್ರಾದ ಸಮುದ್ರ ಪ್ಲಾಸ್ಟಿಕ್ ಹುಟ್ಟುವ ಮೊದಲೇ ಬತ್ತಿತ್ತು. ಆದರೆ ದಿನದ 5 ಗ್ರಾಂ ಉಪ್ಪಿನಲ್ಲಿ ಬರುವುದು ಅರ್ಧ ಚೂರಿಗೂ ಕಡಿಮೆ. ನೀರಿನ ಬಾಟಲಿ, ಗಾಳಿ, ಪ್ಯಾಕೆಟ್ ಊಟದಿಂದಲೂ ಪ್ಲಾಸ್ಟಿಕ್ ಬರುತ್ತದೆ. ಉಪ್ಪು ಬದಲಿಸಿದರೆ ಈ ಸಮಸ್ಯೆ ಮುಗಿಯುವುದಿಲ್ಲ. ಉಪ್ಪು ಕಡಿಮೆ ಮಾಡಿದರೆ ಇದೂ ಅಷ್ಟು ಕಡಿಮೆಯಾಗುತ್ತದೆ.

ಹಾಗಾದರೆ ನಮ್ಮ ಊಟದಲ್ಲಿ ಉಪ್ಪು ಎಲ್ಲಿಂದ ಬರುತ್ತಿದೆ? ಅಮೆರಿಕದಲ್ಲಿ ಬಹುಪಾಲು ಸೋಡಿಯಂ ಕಾರ್ಖಾನೆಯ ಆಹಾರ ಮತ್ತು ಹೋಟೆಲ್‌ನಿಂದ ಬರುತ್ತದೆ. ನಮ್ಮಲ್ಲಿ ಇನ್ನೂ ಹೆಚ್ಚಿನದು ಮನೆಯ ಒಲೆಯ ಮುಂದೆ ನಮ್ಮ ಕೈಯಿಂದಲೇ ಬೀಳುತ್ತದೆ. ಒಂದು ತಾಟು ನೋಡಿ. ಎರಡು ಜೋಳದ ರೊಟ್ಟಿ. ಬಹಳ ಮನೆಗಳಲ್ಲಿ ಆ ಹಿಟ್ಟಿಗೆ ಉಪ್ಪೇ ಹಾಕುವುದಿಲ್ಲ. ಬಿಸಿನೀರು, ಹಿಟ್ಟು, ಬಡಿಯುವ ಕೈ, ಮೇಲೆ ಒದ್ದೆ ಅರಿವೆ ಸವರುವುದು, ಅಷ್ಟೇ. ಬದಿಗೆ ಬದನಿಕಾಯಿ ಎಣ್ಣೆಗಾಯಿ, ಅದರಲ್ಲಿ ಉಪ್ಪು. ಬ್ಯಾಳಿ ಸಾರು, ಅದರಲ್ಲಿ ಉಪ್ಪು. ಶೇಂಗಾ ಚಟ್ನಿ, ಗುರೆಳ್ಳು ಹಿಂಡಿ, ಎರಡರಲ್ಲೂ ಉಪ್ಪು. ಕೆಂಪು ಮೆಣಸಿನಕಾಯಿಯ ರಂಜಕದಲ್ಲಿ ಇನ್ನೂ ಜಾಸ್ತಿ. ಹಣ್ಣಾದ ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಂತೆ, ಲಿಂಬೆ ಸೇರಿಸಿ ಅರೆದದ್ದು ವರ್ಷ ಕೆಡದೆ ಇರಬೇಕಾದರೆ ಹಿಡಿಗಟ್ಟಲೆ ಉಪ್ಪು ಬೇಕು. ಉಪ್ಪಿನಕಾಯಿಯ ತೂಕದಲ್ಲಿ ಹತ್ತರಲ್ಲಿ ಒಂದು ಪಾಲು ಉಪ್ಪು ಎಂದು ಹಿಡಿದರೂ 15 ಗ್ರಾಂ ಉಪ್ಪಿನಕಾಯಿ ಅಂದರೆ ಒಂದೂವರೆ ಗ್ರಾಂ ಉಪ್ಪು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಬೇರೆ. ಇವೆಲ್ಲ ಮನೆಯಲ್ಲೇ ಮಾಡಿದವು, ಒಂದಕ್ಕೂ ಕಾರ್ಖಾನೆಯ ಗಾಳಿ ಸೋಕಿಲ್ಲ. ಆದರೂ ಬಿಪಿಗೆ ಇವೇ ಮುಖ್ಯ.

ಸಂಜೆಯ ಗಿರ್ಮಿಟ್, ಮಿರ್ಚಿ ಬಜಿ ಲೆಕ್ಕ ಬೇರೆ ಇದೆ. ಚುರುಮುರಿ ಭಟ್ಟಿಯಲ್ಲಿ ಅಕ್ಕಿಗೆ ಉಪ್ಪು ನೀರು ಹಚ್ಚಿಯೇ ಹುರಿಯುತ್ತಾರೆ. ಗಿರ್ಮಿಟ್‌ಗೆ ಮೇಲಿಂದ ಉಪ್ಪು ಹಾಕುವ ಮೊದಲೇ ಉಪ್ಪು ಇದೆ. ಬಜಿ ಹಿಟ್ಟಿಗೆ ಹಾಕುವ ಅಡುಗೆ ಸೋಡಾದ ತೂಕದಲ್ಲಿ ಕಾಲುಭಾಗಕ್ಕಿಂತ ಜಾಸ್ತಿ ಸೋಡಿಯಂ. ಹಪ್ಪಳದ ಖಾರವೂ ಸೋಡಿಯಂ ಲವಣವೇ. ಉಪ್ಪು ಎಂದು ನಾಲಿಗೆಗೆ ಗೊತ್ತಾಗದ ಸೋಡಿಯಂ ಇದು.

ನಿಮ್ಮ ಮನೆಯ ಲೆಕ್ಕ ತೆಗೆಯುವುದು ಕಷ್ಟವಿಲ್ಲ. ನಾಲ್ಕು ದೊಡ್ಡವರು ಇರುವ ಮನೆಗೆ ದಿನಕ್ಕೆ ತಲಾ 5 ಗ್ರಾಂ ಅಂದರೆ 20 ಗ್ರಾಂ. ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ತಿಂಗಳಿಗೆ ಮೊದಲೇ ಮುಗಿದರೆ ಯಾವ ಬಣ್ಣದ ಉಪ್ಪು ಎಂಬ ಚರ್ಚೆಗೆ ಅರ್ಥವೇ ಇಲ್ಲ. ಚಟ್ನಿ, ಉಪ್ಪಿನಕಾಯಿ, ಹಿಂಡಿ ಮೂರರಲ್ಲಿ ಒಂದು ಹೊತ್ತಿಗೆ ಒಂದನ್ನು ಮಾತ್ರ ತಾಟಿಗೆ ಬಡಿಸಿಕೊಂಡರೆ, ಹಸಿ ಉಳ್ಳಾಗಡ್ಡಿಗೆ ಉಪ್ಪು ಅದ್ದುವುದನ್ನು ಬಿಟ್ಟರೆ, ಆ 70 ರೂಪಾಯಿ ಜಾಸ್ತಿ ಕೊಟ್ಟದ್ದಕ್ಕಿಂತ ದೊಡ್ಡ ಲಾಭ ಖರ್ಚಿಲ್ಲದೆ ಸಿಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿ 2023ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದ ದೊಡ್ಡವರಲ್ಲಿ ನೂರಕ್ಕೆ 35 ಮಂದಿಗೆ ಬಿಪಿ ಇದೆ. ಮೂವರಲ್ಲಿ ಒಬ್ಬರು. ಇಷ್ಟು ದೊಡ್ಡ ಸಂಖ್ಯೆಯ ಮುಂದೆ ಬರೀ ಬಣ್ಣ ಬದಲಿಸಿ ಸಮಾಧಾನ ಪಡುವುದು ಸಂಕಟದ ವಿಷಯ.

ನೈಸರ್ಗಿಕವಾದದ್ದು ಎಂದ ಕೂಡಲೇ ಸುರಕ್ಷಿತ ಎಂದುಕೊಳ್ಳಬಾರದು ಎಂಬುದನ್ನು ಗದಗ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮುಂಡರಗಿ ತಾಲ್ಲೂಕಿನ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದರೆ ಮಕ್ಕಳ ಹಲ್ಲು ಕಂದಾಗುತ್ತವೆ, ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲು ಹಿಡಿದುಕೊಳ್ಳುತ್ತವೆ. ಆ ಫ್ಲೋರೈಡನ್ನು ಯಾವ ಕಂಪನಿಯೂ ಬೆರೆಸಿಲ್ಲ. ಕಲ್ಲಿನಿಂದ ಕರಗಿ ಬಂದದ್ದು. ನೀರು ಕಾಯಿಸಿದರೂ ಹೋಗುವುದಿಲ್ಲ, ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅಲ್ಲಿಯ ಜನ ಕಾಯಿನ್ ಹಾಕಿ ಕೊಡ ತುಂಬಿಸುವ ಶುದ್ಧ ನೀರಿನ ಘಟಕದ ಮುಂದೆ ಸಾಲು ನಿಲ್ಲುವುದು ಇದಕ್ಕೇ. ಅದು ಯಂತ್ರದಲ್ಲಿ ಸೋಸಿದ ನೀರು, ಅವರ ಪಾಲಿಗೆ ಅದೇ ಆರೋಗ್ಯದ ನೀರು.

ಶೇಂಗಾ ಎಣ್ಣೆಯದೂ ಎರಡು ಮುಖದ ಮಾತು. ಗಾಣದ ಎಣ್ಣೆಯ ಪರಿಮಳ, ರುಚಿಗೆ ನಾನೂ ಸೋಲುತ್ತೇನೆ. ಕಾಳನ್ನು ಒತ್ತಿ, ತಿಳಿಯಾಗಲು ಬಿಟ್ಟು, ಅರಿವೆಯಲ್ಲಿ ಸೋಸಿದ್ದು. ರಿಫೈನ್ ಮಾಡುವಾಗ ಕಾಸ್ಟಿಕ್ ಸೋಡಾ, ಬಣ್ಣ ಹೀರುವ ಮಣ್ಣು, 200 ಡಿಗ್ರಿ ದಾಟಿದ ಬಿಸಿ ಎಲ್ಲ ದಾಟಿ ಬರುತ್ತದೆ. ವಿಟಮಿನ್ ಇ ಒಂದಷ್ಟು ಹೋಗುತ್ತದೆ. ಗಾಣಕ್ಕೆ ಇದು ಮೇಲುಗೈ. ಆದರೆ ಶೇಂಗಾ ಒಕ್ಕುವ ಹೊತ್ತಿಗೆ ಮಳೆ ಹಿಡಿದು, ಹಸಿ ಕಾಯಿ ಚೀಲ ಸೇರಿದರೆ ಬೂಜು ಹಿಡಿಯುತ್ತದೆ. ಆ ಬೂಜಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ, ಅದು ಲಿವರ್ ಕ್ಯಾನ್ಸರ್‌ಗೆ ಕಾರಣ ಎಂದು ದೃಢಪಟ್ಟಿದೆ. ರಿಫೈನ್ ಮಾಡಿದರೆ ಈ ವಿಷ ಬಹುತೇಕ ಹೋಗುತ್ತದೆ. ಗಾಣದಲ್ಲಿ ಹೋಗುವುದಿಲ್ಲ, ಕಾಳಿನಲ್ಲಿದ್ದದ್ದರಲ್ಲಿ ಒಂದು ಪಾಲು ಎಣ್ಣೆಗೆ ಇಳಿಯುತ್ತದೆ. ಹಾಗಾಗಿ ಗಾಣದ ಎಣ್ಣೆ ಕೊಳ್ಳುವವರು ಎಣ್ಣೆಗಿಂತ ಮೊದಲು ಕಾಳು ನೋಡಬೇಕು. ಮುದುಡಿದ, ಕಪ್ಪಾದ, ಕಹಿ ಕಾಳನ್ನು ಆರಿಸಿ ತೆಗೆಯುವ ಗಾಣದವರ ಹತ್ತಿರ ಕೊಳ್ಳಿ. ಯಾವ ಎಣ್ಣೆಯಾದರೂ ಗ್ರಾಂಗೆ 9 ಕ್ಯಾಲರಿ. ಒಳ್ಳೆಯ ಎಣ್ಣೆ ಎಂದು ಕೈ ಬಿಟ್ಟು ಸುರಿದರೆ ಮೈ ಬೆಳೆಯುವುದು ಅಷ್ಟೇ.

ಬೆಲ್ಲದ ಬಗ್ಗೆ ಚಿಕ್ಕದಾಗಿ ಮುಗಿಸುತ್ತೇನೆ. ಬೆಲ್ಲದಲ್ಲಿ ಕಬ್ಬಿಣ ಸ್ವಲ್ಪ ಇದೆ, ಸಕ್ಕರೆಯಲ್ಲಿ ಇಲ್ಲವೇ ಇಲ್ಲ. ಉಳಿದಂತೆ ಬೆಲ್ಲದ ಬಹುಪಾಲು ಸಕ್ಕರೆಯೇ. ಶುಗರ್ ಇರುವವರ ರಕ್ತದಲ್ಲಿ ಎರಡೂ ಒಂದೇ ಕೆಲಸ ಮಾಡುತ್ತವೆ. ಬೆಲ್ಲದ ಚಹಾ ಎಂದು ದಿನಕ್ಕೆ ನಾಲ್ಕು ಕಪ್ ಕುಡಿಯುವುದು ಸಕ್ಕರೆ ಚಹಾ ನಾಲ್ಕು ಕಪ್ ಕುಡಿದ ಹಾಗೇ. ಕೊಳ್ಳುವಾಗ ಕಪ್ಪು ಬೆಲ್ಲ ಕೊಳ್ಳಿ. ಹಳದಿ ಹೊಳಪಿನ ಬೆಲ್ಲಕ್ಕೆ ಬಣ್ಣ ತಿಳಿಯಾಗಲಿ ಎಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದುಂಟು.

ಕಾರ್ಖಾನೆಯಲ್ಲಿ ಮಾಡಿದ್ದು ಎಂಬ ಒಂದೇ ಕಾರಣಕ್ಕೆ ಒಳ್ಳೆಯದನ್ನು ಎಸೆಯುವುದನ್ನೂ ನಮ್ಮ ಹಳ್ಳಿಗಳಲ್ಲಿ ನೋಡಬಹುದು. ರೇಷನ್ ಅಕ್ಕಿ ಬಂದ ದಿನ ಕಟ್ಟೆಯ ಮೇಲೆ ಮೊರ ಹಿಡಿದು ಕೂತು, ಬಿಳಿಚಿದ, ನುಣುಪಾದ ಕಾಳುಗಳನ್ನು "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಕೋಳಿಗೆ ಹಾಕುತ್ತಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಬೆರೆಸಿ, ಮತ್ತೆ ಅಕ್ಕಿಯ ಆಕಾರ ಕೊಟ್ಟದ್ದು. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಅದಕ್ಕೆ ಸಾರವರ್ಧಿತ ಅಕ್ಕಿ ಎನ್ನುತ್ತಾರೆ. ಕೆಲವು ಕಾಳು ನೀರಿನಲ್ಲಿ ತೇಲುವುದರಿಂದ ಅನುಮಾನ ಇನ್ನೂ ಜಾಸ್ತಿಯಾಗಿದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳ ಮನೆಯಲ್ಲೇ ಆ ಕಾಳು ಮೊರದಿಂದ ಹೊರಗೆ ಹೋಗುತ್ತಿದೆ ಎಂದರೆ ತಪ್ಪು ಅವರದಲ್ಲ. ಕೊಡುವ ಮೊದಲು ಕೂತು ತಿಳಿಸಿ ಹೇಳುವ ಕೆಲಸ ಸಾಕಷ್ಟು ಆಗಲಿಲ್ಲ.

ಇಷ್ಟು ಹೇಳಿದ ಮೇಲೆ ಆ ಇನ್ನರ್ಧ ಸತ್ಯವನ್ನೂ ಅಷ್ಟೇ ಜೋರಾಗಿ ಹೇಳಬೇಕು. ಕೆಲವು ಬಗೆಯ ಸಂಸ್ಕರಣೆ ನಿಜಕ್ಕೂ ಕೆಟ್ಟದ್ದು.

ಬ್ರೆಜಿಲ್‌ನ ಸಾವ್ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ 2009ರಲ್ಲಿ ಆಹಾರವನ್ನು ಬೇರೆ ರೀತಿ ವಿಂಗಡಿಸುವ ವಿಚಾರ ಮುಂದಿಟ್ಟರು. ಈಗ ಅದನ್ನು ನೋವಾ ಎಂದು ಕರೆಯುತ್ತಾರೆ. ಅದರಲ್ಲಿ ನಾಲ್ಕು ಗುಂಪು. ಜೋಳ, ಅಕ್ಕಿ, ಕಾಳು, ಹಿಟ್ಟು, ಕಾಯಿಸಿದ ಹಾಲು ಮೊದಲ ಗುಂಪು. ಎಣ್ಣೆ, ಉಪ್ಪು, ಸಕ್ಕರೆ, ಬೆಲ್ಲ ಎರಡನೆಯದು. ಗಮನಿಸಿ, ಗುಲಾಬಿ ಉಪ್ಪು ಮತ್ತು ಬಿಳಿ ಉಪ್ಪು ಒಂದೇ ಗುಂಪಿನಲ್ಲಿವೆ. ಗಾಣದ ಎಣ್ಣೆ, ರಿಫೈಂಡ್ ಎಣ್ಣೆಯೂ ಒಂದೇ ಗುಂಪಿನಲ್ಲಿವೆ. ಉಪ್ಪಿನಕಾಯಿ, ಚೀಸ್‌ನಂಥವು ಮೂರನೆಯದು. ನಾಲ್ಕನೆಯದು ಅತಿಯಾಗಿ ಸಂಸ್ಕರಿಸಿದವು: ತಂಪು ಪಾನೀಯ, ಪ್ಯಾಕೆಟ್ ನೂಡಲ್ಸ್, ಕ್ರೀಮ್ ಬಿಸ್ಕತ್ತು, ಬಣ್ಣಬಣ್ಣದ ಕುರುಕಲು. ಮನೆಯ ಅಡುಗೆಮನೆಯಲ್ಲಿ ಇಲ್ಲದ ಸಾಮಾನುಗಳಿಂದ ಮಾಡಿದವು ಇವು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಅವರ ಜೊತೆಗಾರರು 2019ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಎರಡು ವಾರ ಅತಿಯಾಗಿ ಸಂಸ್ಕರಿಸಿದ ಊಟ, ಎರಡು ವಾರ ಸಾದಾ ಊಟ ಕೊಟ್ಟರು. ಎದುರಿಗಿಟ್ಟ ಎರಡೂ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು, ಉಪ್ಪು ಸಮ. ಬೇಕಾದಷ್ಟು ತಿನ್ನಿ ಎಂದರು. ಕಾರ್ಖಾನೆಯ ಊಟದ ವಾರಗಳಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಜಾಸ್ತಿ ತಿಂದರು, ಬೇಗ ಬೇಗ ತಿಂದರು, ಸುಮಾರು 0.9 ಕಿಲೋ ತೂಕ ಏರಿದರು. ಸಾದಾ ಊಟದಲ್ಲಿ ಅಷ್ಟೇ ಇಳಿದರು. ಚಿಕ್ಕ ಪ್ರಯೋಗ, ಕಡಿಮೆ ದಿನ. ಆದರೂ ಅದು ತೋರಿಸಿದ್ದು ಮುಖ್ಯ. ಮೆತ್ತಗೆ, ಅಗಿಯದೆ ಇಳಿಯುವ, ಬಾಯಿ ಬಿಡದ ರುಚಿಯ ತಿಂಡಿ ಹೊಟ್ಟೆ ತುಂಬಿತು ಎಂಬ ಸೂಚನೆ ಬರುವ ಮೊದಲೇ ಒಳಗೆ ಹೋಗಿರುತ್ತದೆ. ಖಡಕ್ ರೊಟ್ಟಿಯನ್ನು ಆ ವೇಗದಲ್ಲಿ ತಿನ್ನಲು ಯಾರಿಗೂ ಆಗುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಆಗಿರುವ ದೊಡ್ಡ ಬದಲಾವಣೆ ಇದೇ. ಶಾಲೆಯ ಪಕ್ಕದ ಡಬ್ಬಿ ಅಂಗಡಿಯ ಮುಂದೆ 5 ರೂಪಾಯಿ, 10 ರೂಪಾಯಿಯ ಪ್ಯಾಕೆಟ್‌ಗಳು ಮಾಲೆಯಾಗಿ ತೂಗುತ್ತಿವೆ. ತಾಯಿ ಹೊಲಕ್ಕೆ ಹೋಗುವ ಗಡಿಬಿಡಿಯಲ್ಲಿ ಮಗುವಿನ ಕೈಗೆ 10 ರೂಪಾಯಿ ಇಡುತ್ತಾಳೆ. ಶೇಂಗಾ ಬೆಲ್ಲ ತಿನ್ನುತ್ತಿದ್ದ ಮಗು ಕುರುಕಲು ತಿನ್ನುತ್ತದೆ. ಬ್ಯಾಡಗಿಯಂಥ ಮೆಣಸಿನಕಾಯಿ ಪೇಟೆ ಇರುವ ಹಾವೇರಿ ಜಿಲ್ಲೆಯಲ್ಲೂ ಇದೇ ಚಿತ್ರ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣವನ್ನು ಓಲಿಯೋರೆಸಿನ್ ಎಂಬ ಗಟ್ಟಿ ಸಾರವಾಗಿ ತೆಗೆದು ದೇಶ ವಿದೇಶದ ಆಹಾರ ಕಂಪನಿಗಳಿಗೆ ಕಳಿಸುತ್ತಾರೆ. ಬಣ್ಣ ಪೂರಾ ನೈಸರ್ಗಿಕ. ಆದರೆ ಅದನ್ನು ಹಚ್ಚಿದ ಮಾತ್ರಕ್ಕೆ ಕುರುಕಲು ಆರೋಗ್ಯದ ತಿಂಡಿ ಆಗುವುದಿಲ್ಲ. ಪ್ಯಾಕೆಟ್ ಮೇಲೆ "ನೈಸರ್ಗಿಕ ಬಣ್ಣ" ಎಂದು ದೊಡ್ಡದಾಗಿ ಬರೆದಿದ್ದರೆ ಹಿಂದೆ ತಿರುಗಿಸಿ ಸೋಡಿಯಂ ಎಷ್ಟು ನೋಡಿ. ಅದನ್ನು 2.5ರಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಚಿಕ್ಕ ಮಗುವಿಗೆ ಅದು ದೊಡ್ಡ ಪಾಲು.

ನೋವಾ ವಿಂಗಡಣೆಯಲ್ಲೂ ನಮಗೆ ಹೊಂದದ ಜಾಗ ಇದೆ. ಮಿರ್ಚಿ ಬಜಿ, ಗಿರ್ಮಿಟ್, ಚೂಡಾ ಅತಿ ಸಂಸ್ಕರಿತ ಗುಂಪಿಗೆ ಬರುವುದಿಲ್ಲ. ಆದರೆ ಅದೇ ಬಾಂಡಲಿ ಎಣ್ಣೆ ಮತ್ತೆ ಮತ್ತೆ ಕಾದು ಕಪ್ಪಾದ ಮೇಲೆ ಕರಿದ ಬಜಿಯನ್ನು ಒಳ್ಳೆಯದು ಎನ್ನಲಾಗದು. ಗುಂಪಿನ ಹೆಸರು ನೋಡಿ ಸುಮ್ನೆ ನಿರ್ಧಾರ ಮಾಡುವ ಬದಲು ಏನು ಸೇರಿದೆ, ಏನು ಹೋಗಿದೆ, ಎಷ್ಟು ತಿನ್ನುತ್ತೇವೆ ಎಂದು ಕೇಳುವುದೇ ಸರಿ.

ಕೊನೆಗೆ, ಅಂಗಡಿಯ ಆ ಸಾಲಿನಲ್ಲಿ ನಿಜವಾಗಿ ಬಿಪಿಗೆ ಪ್ರಯೋಜನ ಆಗಬಲ್ಲ ಒಂದು ಉಪ್ಪು ಇದೆ. ಅದು ಪೂರಾ ಕಾರ್ಖಾನೆಯದು. ಸೋಡಿಯಂ ಕ್ಲೋರೈಡ್‌ನ ಒಂದು ಪಾಲು ತೆಗೆದು ಪೊಟ್ಯಾಶಿಯಂ ಕ್ಲೋರೈಡ್ ಸೇರಿಸಿದ್ದು. ಚೀನಾದ 600 ಹಳ್ಳಿಗಳ ಸುಮಾರು 21 ಸಾವಿರ ಜನರ ಮೇಲೆ ನಡೆದ ಅಧ್ಯಯನದಲ್ಲಿ, ನಾಲ್ಕರಲ್ಲಿ ಒಂದು ಪಾಲು ಪೊಟ್ಯಾಶಿಯಂ ಕ್ಲೋರೈಡ್ ಇರುವ ಉಪ್ಪು ಬಳಸಿದವರಿಗೆ ಪಾರ್ಶ್ವವಾಯು ಶೇ 14 ಕಡಿಮೆಯಾಯಿತು. 2021ರಲ್ಲಿ ಅದು ಪ್ರಕಟವಾಯಿತು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮನೆ ಅಡುಗೆಗೆ ಇಂಥ ಉಪ್ಪನ್ನು ಬಳಸಬಹುದು ಎಂದು ಹೇಳಿತು. ಆದರೆ ಕಿಡ್ನಿ ತೊಂದರೆ ಇರುವವರು, ಬಿಪಿಗೆ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಡಾಕ್ಟರ್ ಕೇಳದೆ ಮುಟ್ಟಬಾರದು. ಅವರ ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯ ನಿಲ್ಲುವ ಅಪಾಯ ಇದೆ. ಮಕ್ಕಳಿಗೆ, ಬಸುರಿಯರಿಗೆ ಆ ಸಂಸ್ಥೆ ಈ ಸಲಹೆ ಕೊಟ್ಟಿಲ್ಲ. ಮತ್ತು ಅದರಲ್ಲೂ ಅಯೋಡಿನ್ ಇದೆಯೇ ಎಂದು ನೋಡಬೇಕು.

ಈ ಎಚ್ಚರಿಕೆಗಳೆಲ್ಲ ಈಗ ಪ್ಯಾಕೆಟ್‌ನ ಹಿಂದೆ, ಇರುವೆ ಗಾತ್ರದ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ. ಚಿಲಿ ದೇಶದಲ್ಲಿ 2016ರಿಂದ ಉಪ್ಪು, ಸಕ್ಕರೆ, ಕೊಬ್ಬು ಮಿತಿ ದಾಟಿದ ಪ್ಯಾಕೆಟ್‌ನ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಗುರುತು ಇರಬೇಕು. ಓದು ಬರದವರಿಗೂ ಗೊತ್ತಾಗುತ್ತದೆ. ಇಲ್ಲಿ ಮುಂಭಾಗದ ಎಚ್ಚರಿಕೆಯ ವಿಚಾರ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಇನ್ನೂ ಎಳೆದಾಡುತ್ತಿದೆ. ನಮಗೆ ಬೇಕಾದದ್ದು ಇಷ್ಟು: ಮುಂಭಾಗದಲ್ಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಉಪ್ಪು ಎಷ್ಟು ಗ್ರಾಂ ಎಂದು ಬರೆದಿರಬೇಕು. ಉಪ್ಪಿನ ಪ್ಯಾಕೆಟ್ ಮೇಲೆ ಅಯೋಡಿನ್ ಇದೆಯೋ ಇಲ್ಲವೋ ಎಂಬುದೂ ಅಲ್ಲೇ ಇರಬೇಕು, ಅದು 30 ರೂಪಾಯಿಯದ್ದಾದರೂ ಸರಿ, 100 ರೂಪಾಯಿಯದ್ದಾದರೂ ಸರಿ.